ಕೊಡಗಿನ ದಾರಿಗೆ ಹಳೆಯ ಜೀಪೋ, ಹೊಸ ಗಾಡಿಯೋ

ಕೊಡಗಿನಲ್ಲಿ ನಾಲ್ಕೂ ಚಕ್ರ ಎಳೆಯುವ ಗಾಡಿ ಶೋಕಿಯ ವಸ್ತುವಾಗುವ ಎಷ್ಟೋ ಮೊದಲೇ ಬೇಸಾಯದ ಸಲಕರಣೆಯಾಗಿತ್ತು. 4,102 ಚದರ ಕಿಲೋಮೀಟರ್ ವಿಸ್ತಾರದ ಈ ಜಿಲ್ಲೆಗೆ ಇವತ್ತಿಗೂ ರೈಲು ಬಂದಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಇಲ್ಲಿನ ಇಳಿಜಾರುಗಳಲ್ಲಿ ಬೆಳೆಯುತ್ತದೆ. ಗಿಡದಿಂದ ಕಣಕ್ಕೆ, ಕಣದಿಂದ ರಸ್ತೆಗೆ ಆ ಕಾಫಿ ಬರುವ ಒಳದಾರಿಗಳಲ್ಲಿ ಬಹುಪಾಲು ಮಣ್ಣಿನವು. ಕುಶಾಲನಗರದ ಬಯಲಿಗೂ ಭಾಗಮಂಡಲದ ಮಲೆಗೂ ನಡುವೆ ಮಳೆಯ ಪ್ರಮಾಣ ಹಲವು ಪಟ್ಟು ಏರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಊರುಗಳಲ್ಲಿ ದಾರಿ ಎಂಬುದು ಕೆಂಪು ಕೆಸರು, ಉರುಳಿದ ಕಲ್ಲು, ಅಡ್ಡಬಿದ್ದ ಮರ. ಮನೆಯ ಕೊಟ್ಟಿಗೆಯಲ್ಲಿರುವ ಹಳೆಯ ಎಂಎಂ 540 ಜೀಪನ್ನು ದುರಸ್ತಿ ಮಾಡಿಸಿ ಉಳಿಸಿಕೊಳ್ಳಬೇಕೋ, ಅದನ್ನು ಮಾರಿ ಹೊಸ ಮಹೀಂದ್ರ ಥಾರ್ ತರಬೇಕೋ ಎಂಬ ಪ್ರಶ್ನೆಯನ್ನು ಈ ನೆಲದ ಮೇಲೆ ನಿಂತು ಬಿಡಿಸಬೇಕು. ಬೆಂಗಳೂರಿನ ಶೋರೂಮಿನಲ್ಲಿ ಅದಕ್ಕೆ ಸಿಗುವ ಉತ್ತರ ಬೇರೆ.

ಇಲ್ಲಿ ಹಳೆಯ ಜೀಪು ಎನ್ನುವುದೆಲ್ಲ ಹೆಚ್ಚುಕಡಿಮೆ ಒಂದೇ ವಂಶದ್ದು. ಎರಡನೇ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಕಟ್ಟಿದವು. 2.2 ಲೀಟರಿನ ಪೆಟ್ರೋಲ್ ಎಂಜಿನ್, 60 ಅಶ್ವಶಕ್ತಿ, ಏಣಿಯಾಕಾರದ ಉಕ್ಕಿನ ಚಾಸಿ, ಹಿಂದೆಯೂ ಮುಂದೆಯೂ ಗಟ್ಟಿ ಆಕ್ಸಲ್, ಪ್ಲೇಟ್ ಸ್ಪ್ರಿಂಗು, ಮೇಲೊಂದು ಕ್ಯಾನ್ವಾಸು: ಇಷ್ಟೇ ಅದರ ಕಟ್ಟು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರ ಸಂಸ್ಥೆ ಇದರ ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸತೊಡಗಿತು. ಮುಂದೆ ಸಿಜೆ3ಬಿ ಮಾದರಿ ಇಲ್ಲೇ ತಯಾರಾಯಿತು. 1980ರ ದಶಕದ ಎಂಎಂ 540ರಲ್ಲಿ ಪ್ಯೂಜೊ ಮೂಲದ 2.1 ಲೀಟರ್ ಡೀಸೆಲ್ ಎಂಜಿನ್ ಕೂತಿತು. ಆಮೇಲಿನ ಮೇಜರ್, ಕಮಾಂಡರ್‌ಗಳು ಇದೇ ಮನೆತನದವು. 1985ರ ಕೊನೆಗೆ ಬಂದ ಮಾರುತಿ ಜಿಪ್ಸಿ ಬೇರೆ ಕುಲದ್ದಾದರೂ ಸರಳತೆಯಲ್ಲಿ ಇವುಗಳ ಜೊತೆಗೇ ನಿಲ್ಲುತ್ತದೆ. ಮನೆಮನೆಯಿಂದ ಸೈನ್ಯಕ್ಕೆ ಹೋದವರಿರುವ ಜಿಲ್ಲೆಗೆ, ಸೈನ್ಯ ಹರಾಜಿಗಿಟ್ಟ ಜೀಪು, ಜಿಪ್ಸಿಗಳೂ ಸಹಜವಾಗಿಯೇ ಬಂದು ಸೇರಿದವು.

ಹೊಸ ತಲೆಮಾರು ಈಚಿನದು. 2010ರ ಮೊದಲ ಥಾರ್ ಅರ್ಧ ಹಳೆಯದು, ಅರ್ಧ ಹೊಸದು. 2020ರ ಆಗಸ್ಟ್ 15ರಂದು ಅನಾವರಣಗೊಂಡ ಎರಡನೇ ಥಾರ್ ನಿಜವಾದ ತಿರುವು. 2021ರಲ್ಲಿ ಹೊಸ ರೂಪದ ಫೋರ್ಸ್ ಗೂರ್ಖಾ, 2023ರಲ್ಲಿ ಮಾರುತಿ ಜಿಮ್ನಿ, 2024ರಲ್ಲಿ ಐದು ಬಾಗಿಲಿನ ಥಾರ್ ರಾಕ್ಸ್ ಬಂದವು. ಪರದೆ, ಸೆನ್ಸರು, ಏರ್‌ಬ್ಯಾಗ್, ಕ್ಯಾಮೆರಾ, ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆ ಎಲ್ಲವೂ ಈ ಸಾಲಿನಲ್ಲಿ ಸಿಗುತ್ತವೆ.

ಹೋಲಿಸುವವರು ಸಾಮಾನ್ಯವಾಗಿ ಅಶ್ವಶಕ್ತಿಯಿಂದ ಶುರುಮಾಡುತ್ತಾರೆ. ಕೊಡಗಿನ ತೋಟದಲ್ಲಿ ಮೊದಲು ನೋಡಬೇಕಾದ್ದು ಅಗಲ. ಹಳೆಯ ತೋಟಗಳ ಒಳದಾರಿ ಎತ್ತಿನ ಗಾಡಿಯ ಕಾಲದಲ್ಲಿ ಕಡಿದದ್ದು, ಜೀಪಿನ ಕಾಲದಲ್ಲಿ ಅಷ್ಟಿಷ್ಟು ಸರಿಪಡಿಸಿದ್ದು. ಒಂದು ಬದಿಗೆ ದಿಣ್ಣೆ, ಇನ್ನೊಂದು ಬದಿಗೆ ಕಾಫಿ ಸಾಲು, ಎರಡರ ನಡುವೆ ಸಿಲ್ವರ್ ಓಕಿನ ಬೊಡ್ಡೆ. ಯುದ್ಧಕಾಲದ ವಿಲ್ಲಿಸ್ ಜೀಪಿನ ಅಗಲ ಸುಮಾರು 1,570 ಮಿಲಿಮೀಟರ್, ಜಿಪ್ಸಿಯದು 1,540. ಜಿಮ್ನಿ 1,645ಕ್ಕೆ ನಿಲ್ಲುತ್ತದೆ. ಥಾರ್ 1,820, ರಾಕ್ಸ್ 1,870. ರಸ್ತೆಯ ಮೇಲೆ ಒಂದಡಿಯ ಈ ಅಂತರ ಕಣ್ಣಿಗೆ ಬೀಳುವುದೇ ಇಲ್ಲ. ಕಾಯಿ ಹಣ್ಣಾಗಿರುವ ಡಿಸೆಂಬರಿನಲ್ಲಿ ಅದೇ ಒಂದಡಿ, ಸಾಲಿನ ಉದ್ದಕ್ಕೂ ರೆಂಬೆ ತರಚಿ ಹಣ್ಣು ಉದುರಿಸುತ್ತದೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದೆ ಸರಿಯಲು ಜಾಗ ಬಿಡುವುದಿಲ್ಲ. ತೂಕವೂ ಹಾಗೆಯೇ. ಜಿಪ್ಸಿ ಒಂದು ಟನ್ನಿನ ಒಳಗಿದೆ, ಜಿಮ್ನಿ ಸುಮಾರು 1,200 ಕಿಲೋ. ಥಾರ್ 1,700 ಕಿಲೋ ದಾಟುತ್ತದೆ, ರಾಕ್ಸ್ ಅದಕ್ಕಿಂತಲೂ ಭಾರ. ಮಳೆ ಕುಡಿದು ಮೆತ್ತಗಾದ ದಾರಿಯ ಅಂಚು, ತೋಡಿಗೆ ಅಡ್ಡ ಹಾಕಿದ ಮರದ ಸೇತುವೆ, ಕಲ್ಲುಕಟ್ಟಿನ ಹಳೆಯ ಮೋರಿ ಇವೆಲ್ಲ ಕಡಿಮೆ ತೂಕವನ್ನು ಲೆಕ್ಕ ಹಾಕಿ ಮಾಡಿದವು.

ಟೈರಿನ ವಿಷಯಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ. ಹಳೆಯ ಜೀಪಿನ 16 ಇಂಚಿನ ಸಪೂರ ಟೈರು ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿಮಣ್ಣನ್ನು ಮುಟ್ಟುತ್ತದೆ. ಅಗಲವಾದ ರಸ್ತೆ ಟೈರು ಕೆಸರಿನ ಮೇಲೆ ತೇಲುತ್ತದೆ, ಅದರ ಗೀರುಗಳಲ್ಲಿ ಕೆಂಪು ಮಣ್ಣು ತುಂಬಿಕೊಂಡ ಮೇಲೆ ಬೋಳು ಟೈರಿಗೂ ಅದಕ್ಕೂ ಭೇದವಿಲ್ಲ. ಮಳೆಗಾಲದಲ್ಲಿ ಜೀಪಿನ ಚಕ್ರಕ್ಕೆ ಕಬ್ಬಿಣದ ಚೈನು ಸುತ್ತುವ ಮಲೆನಾಡಿನ ರೂಢಿ ಇದೇ ತಿಳಿವಳಿಕೆಯಿಂದ ಬಂದದ್ದು. 18, 19 ಇಂಚಿನ ಅಲಾಯ್ ಚಕ್ರ ಹಾಕಿಕೊಂಡ ಹೊಸ ಗಾಡಿಗೆ ಆ ಚೈನು ತೊಡಿಸುವುದು ಕಷ್ಟ. ಹೊಸ ಗಾಡಿ ಕೊಳ್ಳುವವರು ಮೇಲಿನ ಮಾದರಿಗೆ ಕೊಡುವ ಹೆಚ್ಚಿನ ಹಣದ ಒಂದು ಭಾಗವನ್ನು ನಾಲ್ಕು ಒಳ್ಳೆಯ ಮಣ್ಣುದಾರಿ ಟೈರಿಗೆ ಕೊಟ್ಟರೆ ಅವರ ಗಾಡಿಗೆ ಹೆಚ್ಚು ಬಲ ಬರುತ್ತದೆ.

ಹೊಸ ಗಾಡಿಯ ಎಲೆಕ್ಟ್ರಾನಿಕ್ ನೆರವನ್ನು ಆಟಿಕೆ ಎಂದು ತಳ್ಳಿಹಾಕುವುದು ಮಾತ್ರ ತಪ್ಪು. ಅದು ಏನು ಮಾಡುತ್ತದೆ ಎಂದು ತಿಳಿಯಲು ಡಿಫರೆನ್ಷಿಯಲ್ ಕೆಲಸ ಮಾಡುವ ಬಗೆ ತಿಳಿದಿರಬೇಕು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಸುತ್ತಬೇಕು. ಆಕ್ಸಲ್ಲಿನ ನಡುವಿನ ಹಲ್ಲುಚಕ್ರಗಳ ಜೋಡಣೆ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಒಂದು ಚಕ್ರ ಕೆಸರಿನಲ್ಲೋ ಗಾಳಿಯಲ್ಲೋ ಹಿಡಿತ ಕಳೆದುಕೊಂಡಾಗ ಎಂಜಿನ್ನಿನ ಶ್ರಮವೆಲ್ಲ ಆ ಚಕ್ರವನ್ನು ಸುಮ್ಮನೆ ತಿರುಗಿಸುವುದರಲ್ಲೇ ಸೋರಿಹೋಗುತ್ತದೆ. ಗಟ್ಟಿನೆಲದ ಮೇಲಿರುವ ಜೊತೆಯ ಚಕ್ರ ನಿಂತಲ್ಲೇ ನಿಲ್ಲುತ್ತದೆ. ಹಳೆಯ ಜೀಪು ಫೋರ್ ವೀಲ್ ಹಾಕಿಯೂ ಮುಂದಿನದೊಂದು, ಹಿಂದಿನದೊಂದು ಚಕ್ರ ಸುತ್ತುತ್ತ ಗುಂಡಿಯಲ್ಲಿ ಸಿಕ್ಕಿಬೀಳುವುದು ಇದರಿಂದಲೇ. ಥಾರ್, ಜಿಮ್ನಿಗಳಲ್ಲಿ ಸೆನ್ಸರು ಸುಮ್ಮನೆ ಸುತ್ತುವ ಚಕ್ರವನ್ನು ಗುರುತಿಸಿ ಅದಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ, ಬಲ ಜೊತೆಯ ಚಕ್ರಕ್ಕೆ ಹಾಯುತ್ತದೆ. ಅನುಭವವಿಲ್ಲದ ಚಾಲಕನೂ ಇದರ ನೆರವಿನಿಂದ ದಿಬ್ಬ ಹತ್ತಬಲ್ಲ. ಇಳಿಜಾರಿನಲ್ಲಿ ವೇಗ ಹಿಡಿದಿಡುವ ವ್ಯವಸ್ಥೆಯೂ ಹೊಸಬರಿಗೆ ದೊಡ್ಡ ಆಸರೆ.

ಇದಕ್ಕೆ ಮಿತಿಯೂ ಉಂಟು. ಚಕ್ರ ಜಾರಿದ ಮೇಲಷ್ಟೇ ಬ್ರೇಕ್ ಹಿಡಿಯುವುದರಿಂದ ಆ ಹೊತ್ತಿಗೆ ಟೈರು ಆಗಲೇ ನೆಲ ತೋಡಿರುತ್ತದೆ. ಉದ್ದನೆಯ ಕೆಸರಿನ ಏರಿನಲ್ಲಿ ಹೀಗೆ ಬ್ರೇಕ್ ಹಿಡಿಯುತ್ತಲೇ ಹೋದರೆ ಅದು ಕಾಯುತ್ತದೆ. ಎರಡೂ ಚಕ್ರವನ್ನು ಒಟ್ಟಿಗೆ ಬಿಗಿಯುವ ಯಾಂತ್ರಿಕ ಡಿಫರೆನ್ಷಿಯಲ್ ಲಾಕ್ ಇದಕ್ಕಿಂತ ನೇರವಾದ ಉಪಾಯ. 2021ರ ಗೂರ್ಖಾ ಹಿಂದೆ ಮುಂದೆ ಎರಡಕ್ಕೂ ಅಂಥ ಲಾಕ್ ಕೊಟ್ಟಿತು, ಅದೂ ಕೈಯಿಂದ ಎಳೆಯುವ ಲಿವರಿನಲ್ಲಿ. ನೀರಿನ ಮಟ್ಟಕ್ಕಿಂತ ಮೇಲಿಂದ ಗಾಳಿ ಎಳೆಯುವ ಕೊಳವೆಯೂ ಅದಕ್ಕೆ ಕಾರ್ಖಾನೆಯಲ್ಲೇ ಜೋಡಣೆಯಾಗಿ ಬರುತ್ತದೆ. ಹೊಸತು, ಹಳತು ಎಂಬ ಗೆರೆ ಅಂದುಕೊಂಡಷ್ಟು ಸ್ಪಷ್ಟವಲ್ಲ ಎಂಬುದಕ್ಕೆ ಈ ಗಾಡಿಯೇ ಸಾಕ್ಷಿ. ಹೆಸರನ್ನಷ್ಟೇ ನಂಬಿ ಕೊಳ್ಳುವವರು ಇನ್ನೊಂದನ್ನೂ ಗಮನಿಸಬೇಕು: 2023ರ ಜನವರಿಯಿಂದ ಥಾರ್ ಹಿಂದಿನ ಚಕ್ರ ಮಾತ್ರ ಎಳೆಯುವ ಮಾದರಿಯಲ್ಲೂ ಸಿಗುತ್ತಿದೆ. ಹೊರಗಿನಿಂದ ನೋಡಿದರೆ ಥಾರ್, ತೋಟದ ಕೆಸರಿನಲ್ಲಿ ಸಾಮಾನ್ಯ ಕಾರು.

ಹೊಸ ಡೀಸೆಲ್ ಗಾಡಿಯ ನಿಜವಾದ ತೊಡಕು ಇರುವುದು ಎಂಜಿನ್ನಿನಲ್ಲಿ, ತೋಟದ ಬಳಕೆಗೂ ಅದರ ಸ್ವಭಾವಕ್ಕೂ ಹೊಂದದಿರುವಲ್ಲಿ. 2020ರ ಏಪ್ರಿಲ್ 1ರಿಂದ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಗೆ ಬಂತು. ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರು ಡೀಸೆಲ್ ಗಾಡಿಗಳ ಭಾಗವಾಯಿತು. ಹಿಡಿದ ಮಸಿ ಸುಟ್ಟುಹೋಗಲು ಫಿಲ್ಟರು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಅದಕ್ಕೆ ಹೆದ್ದಾರಿಯಲ್ಲಿ ಕೆಲ ಹೊತ್ತು ಬಿಡುವಿಲ್ಲದ ಓಟ ಬೇಕು. ಬೆಳಗ್ಗೆ ಕಾರ್ಮಿಕರ ಲೈನ್ ಮನೆಯಿಂದ ತೋಟದ ಮೂಲೆಗೆ, ಅಲ್ಲಿಂದ ಕಣಕ್ಕೆ, ಮತ್ತೆ ಪಂಪ್‌ಸೆಟ್ಟಿನ ಕಡೆಗೆ ಎಂದು ದಿನವಿಡೀ ಮೊದಲ, ಎರಡನೇ ಗೇರಿನಲ್ಲಿ ತೆವಳುವ ಗಾಡಿಗೆ ಆ ಓಟ ಸಿಗುವುದಿಲ್ಲ. ಫಿಲ್ಟರು ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುತ್ತದೆ, ಬಲ ಇಳಿಯುತ್ತದೆ. ಯೂರಿಯಾ ದ್ರಾವಣ ಬೇಡುವ ಗಾಡಿಯಾದರೆ ಅದು ಮುಗಿದ ಮೇಲೆ ಎಂಜಿನ್ ಮತ್ತೆ ಸ್ಟಾರ್ಟ್ ಆಗುವುದೇ ಇಲ್ಲ.

ಇಂಧನದ್ದು ಇನ್ನೊಂದು ಕಥೆ. ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ಹೂವಿಗೆ ನೀರು ಹಾಯಿಸುವ ಡೀಸೆಲ್ ಪಂಪಿಗಾಗಿ ತೋಟಗಳಲ್ಲಿ ಬ್ಯಾರೆಲ್ಲಿನಲ್ಲಿ ಇಂಧನ ಇಟ್ಟುಕೊಳ್ಳುವುದು ವಾಡಿಕೆ. ಉಳಿದದ್ದು ಮಳೆಗಾಲದ ತೇವದಲ್ಲಿ ಹಾಗೇ ಇರುತ್ತದೆ, ತಳದಲ್ಲಿ ನೀರು ಸೇರುತ್ತದೆ. ಹಳೆಯ ಡೀಸೆಲ್ ಎಂಜಿನ್ ಅಂಥ ಇಂಧನದಲ್ಲಿ ಕೆಮ್ಮಿದರೂ ಪೈಪು ಬಿಚ್ಚಿ ಗಾಳಿ, ನೀರು ತೆಗೆದರೆ ಮತ್ತೆ ಓಡುತ್ತದೆ. ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಕೂದಲೆಳೆಯ ರಂಧ್ರದಿಂದ ಇಂಧನ ಚಿಮ್ಮಿಸುವ ಹೊಸ ಗಾಡಿಯ ಕಾಮನ್ ರೈಲ್ ಇಂಜೆಕ್ಟರು ಅದನ್ನು ತಾಳದು, ಅದರ ದುರಸ್ತಿಯ ಬಿಲ್ಲು ಇಡೀ ಹಳೆಯ ಎಂಜಿನ್ನಿನ ದುರಸ್ತಿಗೆ ಸಮನಾಗಬಹುದು. ಇವುಗಳ ಜೊತೆಗೆ ಇಲಿ. ಕಾಫಿ, ಭತ್ತ ಕೂಡಿಡುವ ಮನೆಯ ಪಕ್ಕದ ಶೆಡ್ಡಿನಲ್ಲಿ ನಿಂತ ಹೊಸ ಗಾಡಿಯ ಒಂದು ವೈರನ್ನು ಇಲಿ ಕಡಿದರೂ ಸಾಕು, ಬ್ರೇಕಿನಿಂದ ಗೇರಿನವರೆಗೆ ಪರದೆಯ ಮೇಲೆ ದೂರುಗಳ ಸಾಲು ಮೂಡುತ್ತದೆ. ಹಳೆಯ ಡೀಸೆಲ್ ಜೀಪಿಗಾದರೋ ಒಮ್ಮೆ ಸ್ಟಾರ್ಟ್ ಆದ ಮೇಲೆ ಓಡಲು ವಿದ್ಯುತ್ತೇ ಬೇಡ. ಗೋಣಿಕೊಪ್ಪ, ಸಿದ್ದಾಪುರ, ಸುಂಟಿಕೊಪ್ಪದಂಥ ಪೇಟೆಗಳ ಗ್ಯಾರೇಜಿನಲ್ಲಿ ಕಿವಿಗೊಟ್ಟು ಕೇಳಿಯೇ ಅದರ ರೋಗ ಹೇಳುವ ಮೆಕ್ಯಾನಿಕ್‌ಗಳಿದ್ದಾರೆ. ಹೊಸ ಗಾಡಿಯ ರೋಗ ಹೇಳುವುದು ಕಂಪನಿಯ ಕಂಪ್ಯೂಟರು. ಮರ ಬಿದ್ದು ದಾರಿ ಮುಚ್ಚಿದ ಜುಲೈಯಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು.

2018ರ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲದ ಕಡೆ ಬೆಟ್ಟ ಕುಸಿದಾಗ ಊರಿನ ಯುವಕರು ತಮ್ಮ ಜೀಪುಗಳಲ್ಲಿ ಜನರನ್ನು ಪರಿಹಾರ ಕೇಂದ್ರಗಳಿಗೆ ಮುಟ್ಟಿಸಿದರು. ಹಳೆಯ ಜೀಪಿನ ಪರ ವಾದಿಸುವವರು ಆ ದಿನಗಳನ್ನು ನೆನೆಸುವುದು ನ್ಯಾಯವೇ. ಆದರೆ ಆಗ ಎಷ್ಟೋ ಕಡೆ ದಾರಿಯೇ ಕೊಚ್ಚಿಹೋಗಿತ್ತು, ವೃದ್ಧರನ್ನು ಹೊತ್ತುಕೊಂಡು ಜನ ಗುಡ್ಡ ಹತ್ತಿ ನಡೆದೇ ಬಂದರು ಎಂಬುದನ್ನೂ ಮರೆಯಬಾರದು. ಯಾವ ಗಾಡಿಯೂ ಹೋಗಲಾರದ ಜಾಗಗಳು ಈ ಜಿಲ್ಲೆಯಲ್ಲಿವೆ. ಕುಸಿಯುವ ಇಳಿಜಾರಿನ ಮುಂದೆ ಗಾಡಿಯ ವಯಸ್ಸು ಲೆಕ್ಕಕ್ಕೆ ಬರುವುದಿಲ್ಲ.

ಇಲ್ಲಿಯವರೆಗಿನ ಲೆಕ್ಕದಲ್ಲಿ ಹಳೆಯ ಜೀಪಿನ ತಟ್ಟೆ ತೂಗುತ್ತದೆ. ಗಾಡಿಯೊಳಗೆ ಕೂತವರನ್ನು ಎಣಿಸಿದಾಗ ತಟ್ಟೆ ಮೇಲಕ್ಕೇಳುತ್ತದೆ. ವಿಲ್ಲಿಸ್ ಮಾದರಿಯ ಜೀಪಿನಲ್ಲಿ ಇಂಧನದ ಟ್ಯಾಂಕು ಚಾಲಕನ ಸೀಟಿನ ಕೆಳಗೇ ಇದೆ. ಸ್ಟೀರಿಂಗ್ ಕಂಬ ಎದೆಗೆ ನೇರ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ನೀರು ಹೊಕ್ಕರೆ ಹಿಡಿಯದು, ಸಂಪಾಜೆ ಘಾಟಿಯಂಥ ಉದ್ದನೆಯ ಇಳಿಜಾರಿನಲ್ಲಿ ಕಾದರೂ ಹಿಡಿಯದು. ಬೆಲ್ಟಿಲ್ಲ, ತಲೆಯ ಮೇಲೆ ಗಟ್ಟಿಯಾದ ಮಾಡೂ ಇಲ್ಲ. ಎತ್ತರದ, ಸಪೂರ ಗಾಡಿ ಮಗುಚಿದರೆ ಒಳಗಿನವರನ್ನು ಕಾಯಲು ಕ್ಯಾನ್ವಾಸು ಮಾತ್ರ. 2020ರ ಥಾರ್ ಗ್ಲೋಬಲ್ ಎನ್‌ಕ್ಯಾಪ್‌ನ ಅಪಘಾತ ಸುರಕ್ಷತೆಯ ಪರೀಕ್ಷೆಯಲ್ಲಿ ನಾಲ್ಕು ತಾರೆ ಪಡೆಯಿತು, ರಾಕ್ಸ್ ಭಾರತ್ ಎನ್‌ಕ್ಯಾಪ್‌ನಲ್ಲಿ ಐದು. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಬ್ರೇಕ್ ಕಡ್ಡಾಯ. ಹೊಸ ಗಾಡಿಯ ಉಪಕರಣಗಳಲ್ಲಿ ನಿಜವಾಗಿ ಬೆಲೆಬಾಳುವುದು ಸುರಕ್ಷತೆಯ ಈ ಭಾಗ. ಸನ್‌ರೂಫಾಗಲಿ, ಗೆರೆಯೇ ಇಲ್ಲದ ರಸ್ತೆಯಲ್ಲಿ ಗೆರೆ ಹುಡುಕುವ ಕ್ಯಾಮೆರಾ ಆಗಲಿ ಮಡಿಕೇರಿಯ ಮಂಜಿನಲ್ಲಿ ಯಾರನ್ನೂ ಕಾಯುವುದಿಲ್ಲ.

ಹಳೆಯ ಜೀಪು ಗಟ್ಟಿ, ಅದಕ್ಕೇನೂ ಆಗುವುದಿಲ್ಲ ಎನ್ನುವವರು ಸಾಮಾನ್ಯವಾಗಿ ಮುಂದಿನ ಸೀಟಿನಲ್ಲಿ ಕೂರುವವರು. ಕೊಯ್ಲಿನ ಕಾಲದಲ್ಲಿ ಹಿಂದೆ ಕೂರುವವರು, ಎಷ್ಟೋ ಸಲ ನಿಲ್ಲುವವರು, ಯರವರು, ಕುರುಬರು, ಉತ್ತರ ಕರ್ನಾಟಕದಿಂದಲೋ ಅಸ್ಸಾಮಿನಿಂದಲೋ ಬಂದ ಕಾರ್ಮಿಕರು. ನವೆಂಬರ್‌ನಿಂದ ಫೆಬ್ರವರಿಯವರೆಗೆ ಬೆಳಗಿನ ಮಂಜಿನಲ್ಲಿ ಜೀಪು, ಪಿಕಪ್‌ಗಳ ಹಿಂಭಾಗದಲ್ಲಿ ಒತ್ತೊತ್ತಾಗಿ ನಿಂತು ತೋಟಕ್ಕೆ ಹೋಗುವ ಹೆಣ್ಣಾಳು, ಗಂಡಾಳುಗಳನ್ನು ಜಿಲ್ಲೆಯ ಯಾವ ರಸ್ತೆಯಲ್ಲೂ ಕಾಣಬಹುದು. ಗಾಡಿಯ ಗಟ್ಟಿತನ ಅವರಿಗೆ ರಕ್ಷಣೆಯಲ್ಲ. ಗಟ್ಟಿ ಚಾಸಿ ಬಾಗದೆ ಉಳಿಯಬಹುದು, ಅದರಿಂದ ಹೊರಗೆ ಎಸೆಯಲ್ಪಟ್ಟವರು ಉಳಿಯುವುದಿಲ್ಲ. ಸರಕು ಗಾಡಿಯಲ್ಲಿ ಜನರನ್ನು ತುಂಬಿ ಅಪಘಾತವಾದರೆ ವಿಮೆಯ ಪರಿಹಾರವೂ ಕೈತಪ್ಪಬಹುದು. ಮಂಡಲಪಟ್ಟಿಯ ಏರಿನಲ್ಲಿ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಚಿತ್ರೀಕರಣಗೊಂಡ 2008ರ ‘ಗಾಳಿಪಟ’ ಚಿತ್ರದ ಮುಗಿಲುಪೇಟೆಯನ್ನು ನೋಡಲು ಬಂದವರಿಗೆ ಜೀಪಿನ ಕುಲುಕಾಟವೇ ರೋಮಾಂಚನ. ಅದರ ಬ್ರೇಕು, ಫಿಟ್‌ನೆಸ್ ಪ್ರಮಾಣಪತ್ರಗಳ ಬಗ್ಗೆ ವಿಚಾರಿಸುವವರು ಅಪರೂಪ.

ಕಾನೂನಿನ ಮಗ್ಗುಲನ್ನು ಸಂಕ್ಷೇಪದಲ್ಲಿ ಹೇಳಬಹುದು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆಗೆ ಒಳಪಟ್ಟು ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ದೆಹಲಿಯಲ್ಲಿ ತಂದಂತೆ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ನಿಷೇಧ ಇಲ್ಲಿಲ್ಲ, ಆದ್ದರಿಂದ ದಾಖಲೆ ಸರಿಯಿಟ್ಟ ಹಳೆಯ ಜೀಪಿಗೆ ಬದುಕಿದೆ. ತೋಟದೊಳಗೆ ಓಡಿಸುವುದಕ್ಕೆ ದಾಖಲೆ ಏಕೆ ಎಂಬ ಮಾತು ಕೇಳಿಬರುತ್ತದೆ. ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಸಾರ್ವಜನಿಕ ಸ್ಥಳದ ಜೊತೆಗೆ ಬೇರೆ ಯಾವುದೇ ಸ್ಥಳದಲ್ಲೂ ನೋಂದಣಿಯಿಲ್ಲದ ವಾಹನ ಓಡಿಸುವುದನ್ನು ತಡೆಯುತ್ತದೆ. ಹಳೆಯ ಜೀಪಿಗೆ ಬೇರೆ ಕಂಪನಿಯ ಎಂಜಿನ್ ಕೂರಿಸುವ, ಚಾಸಿ ಕತ್ತರಿಸಿ ಉದ್ದ ಮಾಡುವ ಹವ್ಯಾಸಕ್ಕೂ ಕಾನೂನಿನ ಬೆಂಬಲವಿಲ್ಲ: ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

ಹಾಗಾದರೆ ಆಯ್ಕೆ ಕೆಲಸವನ್ನು ಅವಲಂಬಿಸುತ್ತದೆ. ಗೊಬ್ಬರ, ಚೀಲ, ಪೈಪು ಹೊತ್ತು ತೋಟದ ಎಲ್ಲೆಯೊಳಗೆ ನಿಧಾನವಾಗಿ ಓಡುವುದೇ ಕೆಲಸವಾದರೆ, ಚಾಸಿಗೆ ತುಕ್ಕು ಹಿಡಿಯದ, ದಾಖಲೆ ಚಾಲ್ತಿಯಲ್ಲಿರುವ ಹಳೆಯ ಜೀಪನ್ನು ಮಾರಬಾರದು. ಹತ್ತು ಲಕ್ಷ ದಾಟುವ ಹೊಸ ಗಾಡಿ ಆ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡುವುದಿಲ್ಲ. ಮನೆಯ ಒಂದೇ ಗಾಡಿ ತೋಟವನ್ನೂ ಸುತ್ತಬೇಕು, ರಾತ್ರಿ ಹೊತ್ತು ಆಸ್ಪತ್ರೆಗೆಂದು ಮೈಸೂರಿಗೂ ಓಡಬೇಕು ಎಂದಾದರೆ ಹಳೆಯ ಜೀಪು ತಪ್ಪು ಆಯ್ಕೆ. ಅಂಥ ಮನೆಗೆ ಲೋ ಗೇರ್ ಇರುವ, ಆದಷ್ಟು ಸಪೂರವಾದ, ಫಿಲ್ಟರಿನ ಕಾಟವಿಲ್ಲದ ಗಾಡಿ ಬೇಕು. ಈಗ ಸಿಗುವವುಗಳಲ್ಲಿ ಪೆಟ್ರೋಲ್ ಜಿಮ್ನಿ ಇದಕ್ಕೆ ಹತ್ತಿರ, ಭಾರ ಹೊರುವ ಶಕ್ತಿ ಕಡಿಮೆ ಎಂಬುದು ಅದರ ಕೊರತೆ. ಹೆಚ್ಚು ಭಾರ, ಕೆಟ್ಟ ದಾರಿ ಎರಡೂ ಇದ್ದು ದಾರಿಯ ಅಗಲ ಸಾಕಷ್ಟಿದ್ದರೆ ಡೀಸೆಲ್ ಥಾರ್ ಅಥವಾ ಗೂರ್ಖಾ ಸರಿ, ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಓಡಿಸಿ ಫಿಲ್ಟರು ಸುಡಿಸುವ ಶಿಸ್ತು ಇಟ್ಟುಕೊಂಡರೆ.

ಕಾರ್ಮಿಕರನ್ನು ಸಾರ್ವಜನಿಕ ರಸ್ತೆಯಲ್ಲಿ ಕರೆದೊಯ್ಯುವ ಕೆಲಸಕ್ಕೆ ಮಾತ್ರ ಹಳೆಯ ಜೀಪನ್ನೂ ಪಿಕಪ್ಪನ್ನೂ ಕೈಬಿಡಬೇಕು. ಕಾಫಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷ ಗಾಡಿ ಬದಲಿಸಲು ಹೊರಟ ಬೆಳೆಗಾರರು ಮನೆಯ ಅಂಗಳದ ಗಾಡಿಗಿಂತ ಮೊದಲು ಆಳುಗಳ ಗಾಡಿಯನ್ನು ಬದಲಿಸಲಿ. ಎಲ್ಲರಿಗೂ ಸೀಟು, ಬೆಲ್ಟು, ತಲೆಯ ಮೇಲೆ ಗಟ್ಟಿ ಮಾಡು, ಪ್ರಯಾಣಿಕರನ್ನು ಸಾಗಿಸುವ ಪರ್ಮಿಟ್ಟು, ಚಾಲ್ತಿಯಲ್ಲಿರುವ ವಿಮೆ ಇರುವ ಗಾಡಿಯೊಂದನ್ನು ಮುಂದಿನ ಕೊಯ್ಲು ಶುರುವಾಗುವ ನವೆಂಬರಿಗೆ ಮೊದಲೇ ಗೊತ್ತು ಮಾಡಿಕೊಳ್ಳಲಿ. ಒಬ್ಬರಿಗೆ ಅದು ದುಬಾರಿಯಾದರೆ ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ಒಂದು ಮಿನಿ ಬಸ್ಸನ್ನು ಬಾಡಿಗೆಗೆ ಹಿಡಿಯಬಹುದು.